ಬಾಚಣಿಗೆಗೆ ಕಾಗದ ಅಂಟದಿದ್ದರೆ...

ಪ್ಲಾಸ್ಟಿಕ್ ಬಾಚಣಿಗೆಯನ್ನು ಒಣ ಕೂದಲಿಗೆ ಹತ್ತಾರು ಬಾರಿ ಉಜ್ಜಿ ಕಾಗದದ ಚೂರುಗಳ ಬಳಿ ಹಿಡಿದರೆ ಅವು ಎದ್ದು ಬಂದು ಅಂಟಿಕೊಳ್ಳುತ್ತವೆ. ಸ್ಥಿರ ವಿದ್ಯುತ್ತಿನ ಪಾಠ ಸಾಮಾನ್ಯವಾಗಿ ಆರಂಭವಾಗುವುದು ಇಲ್ಲಿಂದಲೇ. ಮಾರ್ಚ್ ತಿಂಗಳ ಕಲಬುರಗಿಯಲ್ಲಿ ಸುಲಭವಾಗಿ ಕೈಗೂಡುವ ಈ ಪ್ರಯೋಗ, ಜುಲೈನ ಮಂಗಳೂರಿನಲ್ಲಿ ಹಲವು ಬಾರಿ ಕೈಕೊಡುತ್ತದೆ. ಪ್ರಯೋಗವನ್ನು ಕೈಬಿಟ್ಟು ಪುಸ್ತಕದ ಚಿತ್ರ ತೋರಿಸಿ ಮುಂದೆ ಸಾಗಿದರೆ, ಪಾಠದ ಸ್ವಾರಸ್ಯಕರ ಭಾಗವೇ ತಪ್ಪಿಹೋಗುತ್ತದೆ.

ಉಜ್ಜುವುದರಿಂದ ವಿದ್ಯುದಾವೇಶ ಹೊಸದಾಗಿ ಹುಟ್ಟುವುದಿಲ್ಲ. ಕೂದಲಿನಲ್ಲಿದ್ದ ಕೆಲವು ಎಲೆಕ್ಟ್ರಾನುಗಳು ಬಾಚಣಿಗೆಗೆ ಸ್ಥಳಾಂತರಗೊಳ್ಳುತ್ತವೆ, ಅಷ್ಟೆ. ಬಾಚಣಿಗೆ ಋಣ ಆವೇಶ ಪಡೆದರೆ ಕೂದಲಿನಲ್ಲಿ ಅಷ್ಟೇ ಪ್ರಮಾಣದ ಧನ ಆವೇಶ ಉಳಿಯುತ್ತದೆ. ಹಾಗಾದರೆ ಯಾವ ಆವೇಶವೂ ಇಲ್ಲದ ಕಾಗದ ಆಕರ್ಷಿತವಾಗುವುದೇಕೆ? ಬಾಚಣಿಗೆ ಸಮೀಪಿಸಿದಾಗ ಕಾಗದದೊಳಗಿನ ಋಣ ಆವೇಶ ತುಸು ದೂರ ಸರಿದು, ಹತ್ತಿರದ ಅಂಚು ಧನವಾಗುತ್ತದೆ. ಹತ್ತಿರದ ಸೆಳೆತವು ದೂರದ ವಿಕರ್ಷಣೆಗಿಂತ ಬಲವಾದುದು. ಅಂಟಿದ ಚೂರುಗಳಲ್ಲಿ ಕೆಲವು ಮರುಕ್ಷಣವೇ ಸಿಡಿದು ಬೀಳುವುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸ್ಪರ್ಶದಿಂದ ಅವೂ ಋಣ ಆವೇಶ ಪಡೆದಿರುತ್ತವೆ; ಸಜಾತಿ ಆವೇಶಗಳು ಪರಸ್ಪರ ದೂರ ತಳ್ಳುತ್ತವೆ.

ಮಳೆಗಾಲದ ತೊಡಕನ್ನು ವಿದ್ಯುದ್ದರ್ಶಕವೊಂದನ್ನು ತಯಾರಿಸಿ ಪರೀಕ್ಷಿಸಬಹುದು. ಗಾಜಿನ ಬಾಟಲಿಯ ಪ್ಲಾಸ್ಟಿಕ್ ಮುಚ್ಚಳದ ಮೂಲಕ ತಾಮ್ರದ ತಂತಿ ತೂರಿಸಿ, ಒಳಗಿನ ಕೊಕ್ಕೆಗೆ ತೆಳುವಾದ ಅಲ್ಯೂಮಿನಿಯಂ ಹಾಳೆಯ ಎರಡು ಪಟ್ಟಿಗಳನ್ನು ತೂಗುಬಿಟ್ಟರೆ ಸಾಕು. ಉಜ್ಜಿದ ಬಾಚಣಿಗೆಯನ್ನು ತಂತಿಗೆ ತಾಗಿಸಿ ಎಳೆದಾಗ ಪಟ್ಟಿಗಳು ಅಗಲುತ್ತವೆ. ಒಣ ಹವೆಯಲ್ಲಿ ಅವು ಕೆಲಕಾಲ ಹಾಗೆಯೇ ನಿಲ್ಲುತ್ತವೆ. ಬೆರಳು ತಾಗಿದರೆ ಕೂಡಲೇ ಕುಸಿಯುತ್ತವೆ. ತೇವದ ದಿನಗಳಲ್ಲಿ ಬೆರಳು ತಾಗಿಸದಿದ್ದರೂ ಬೇಗನೆ ಕುಸಿಯುತ್ತವೆ. ಮುಚ್ಚಳ, ಬಾಚಣಿಗೆಗಳ ಮೇಲೆ ಕೂತ ಕಣ್ಣಿಗೆ ಕಾಣದ ನೀರಿನ ಪದರವೇ ಆವೇಶಕ್ಕೆ ಹಾದಿ. ಸಲಕರಣೆಗಳನ್ನು ಹೇರ್ ಡ್ರೈಯರ್‌ನಿಂದ ಒಣಗಿಸಿ ಮತ್ತೆ ಪ್ರಯತ್ನಿಸಿದರೆ ವ್ಯತ್ಯಾಸ ತಿಳಿಯುತ್ತದೆ. (ಎಣ್ಣೆ ಹಚ್ಚಿದ ತಲೆ ಮಾತ್ರ ಈ ಕೆಲಸಕ್ಕೆ ಒದಗದು!)

ಈ ಸೋರಿಕೆ ಪ್ರಯೋಗಕ್ಕೆ ಅಡ್ಡಿಯಾದರೂ ಪೆಟ್ರೋಲ್ ಬಂಕ್‌ನಲ್ಲಿ ಬೇಕಾದುದೇ ಅದು. ಒಣ ಗಾಳಿಯಲ್ಲಿ ಒಂದು ಸೆಂಟಿಮೀಟರ್ ಕಿಡಿ ಹಾರಲು ಸುಮಾರು 30,000 ವೋಲ್ಟ್ ಬೇಕು. ಬಾಚಣಿಗೆಯಲ್ಲಿನ ಆವೇಶದ ಪ್ರಮಾಣ ಅತ್ಯಲ್ಪವಾದ್ದರಿಂದ ಅದರ ಪುಟ್ಟ ಕಿಡಿ ಮೈಗೆ ಅಪಾಯಕಾರಿಯಲ್ಲ. ಪೆಟ್ರೋಲ್ ಆವಿಗೆ ಅಷ್ಟು ಸಣ್ಣ ಕಿಡಿಯೂ ಸಾಕಾಗಬಹುದು. ಕೊಳವೆಯಲ್ಲಿ ಹರಿಯುವ ಪೆಟ್ರೋಲ್ ಕೂಡ ಘರ್ಷಣೆಯಿಂದ ಆವೇಶ ಪಡೆಯುತ್ತದೆ. ಆದ್ದರಿಂದಲೇ ಟ್ಯಾಂಕರ್‌ನಿಂದ ಇಂಧನ ಇಳಿಸುವ ಮುನ್ನ ಅದಕ್ಕೆ ತಂತಿ ಜೋಡಿಸಿ ಭೂಮಿಗೆ ಸಂಪರ್ಕ ಕಲ್ಪಿಸಲಾಗುತ್ತದೆ.