ಹುಡುಗರ ಓದಿನ ಹಿಂದಿನ ಒಲೆ

ಬೇಸಿಗೆಯಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶ ಪ್ರಕಟವಾದ ವಾರ ನಮ್ಮ ವಾಚನಾಲಯದ ಕನ್ನಡ ಪತ್ರಿಕೆಗೆ ಎಂದೂ ಇಲ್ಲದ ಬೇಡಿಕೆ. ಪತ್ರಿಕೆ ಕಳಮನಾ ತಲುಪುವಷ್ಟರಲ್ಲಿ ಹಳತಾಗಿರುತ್ತದೆ. ಆದರೂ ಹೆಚ್ಚು ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳ ಪುಟ ಕೈಯಿಂದ ಕೈಗೆ ಹೋಗಿ ಸಂಜೆಯ ವೇಳೆಗೆ ಮಡಿಕೆ ಹರಿದಿರುತ್ತದೆ.

ಅಂಥ ಒಂದು ಸಂಜೆ ನಮ್ಮ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವ ಅಫಜಲಪುರ ಕಡೆಯ ಗೆಳೆಯರೊಬ್ಬರು ಬಂದು, ಒಂದು ಚಿತ್ರದ ಮೇಲೆ ಬೆರಳಿಟ್ಟು, ಕೆಳಗೆ ಏನು ಬರೆದಿದೆ ಓದಿ ಹೇಳಿರೆಂದರು. ಕೂಲಿಕಾರರ ಮಗ, ಉಚಿತ ವಿದ್ಯಾರ್ಥಿ ನಿಲಯದಲ್ಲಿದ್ದು ಓದಿದವನು, ಇಂತಿಷ್ಟು ಅಂಕ ಎಂದು ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಾರ, ಮಾರ್ಕ್ಸ್ ಇರ್ಲಿ. ಈ ಹುಡುಗಗ ಎಲ್ಲಾ ವರ್ಷ ಊಟ ಯಾರ್ ಹಾಕಿದ್ರು? ಅದನ್ನ ಬರದಿಲ್ಲೇನು?" ಎಂದು ಕೇಳಿದರು.

ಬರೆದಿರಲಿಲ್ಲ. ಅವರಿಗೂ ಓದುವ ವಯಸ್ಸಿನ ಮಗನಿದ್ದಾನೆ. ಇಲ್ಲಿಯ ಹಿಂದಿ ಶಾಲೆಯಲ್ಲಿ ನಾಲ್ಕನೆಯ ತರಗತಿ. ಇಲ್ಲಿಯೇ ಇಟ್ಟುಕೊಂಡರೆ ಕನ್ನಡ ಹೋಯಿತು, ಊರಿಗೆ ಕಳಿಸಿದರೆ ನೋಡಿಕೊಳ್ಳುವವರಿಲ್ಲ. ನಮ್ಮಲ್ಲಿ ಅರ್ಧ ಜನರ ಮನೆಯ ಸಮಸ್ಯೆ ಇದೇ ಆಗಿರುವುದರಿಂದ, ಅವರು ಕೇಳಿದ ಪ್ರಶ್ನೆಗೆ ನನಗೆ ತಿಳಿದಷ್ಟು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿ ನಿಲಯಗಳು ಬರುವುದಕ್ಕೆ ಮುಂಚೆ ನಮ್ಮ ನಾಡಿನಲ್ಲಿ ವಾರಾನ್ನ ಎಂಬ ಪದ್ಧತಿ ಇತ್ತು. ಹಳ್ಳಿಯಿಂದ ಧಾರವಾಡಕ್ಕೋ ಮೈಸೂರಿಗೋ ಓದಲು ಬಂದ ಬಡ ಹುಡುಗ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳಬೇಕು. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ, ಹೀಗೆ ದಿನಕ್ಕೊಂದು ಮನೆಯ ಊಟ. ಏಳನೆಯ ಮನೆ ಸಿಕ್ಕದಿದ್ದರೆ ವಾರಕ್ಕೊಂದು ದಿನ ನೀರು ಕುಡಿದು ಮಲಗುವುದು. ಕೆಲವು ಮನೆಗಳ ತಾಯಂದಿರು ಸ್ವಂತ ಮಗನಂತೆ ಬಡಿಸಿದರು. ಕೆಲವು ಕಡೆ ನಾಲ್ಕು ಕೊಡ ನೀರು ಸೇದಿಸಿಕೊಂಡೇ ಎಲೆ ಹಾಕಿದರು. ಈ ಪದ್ಧತಿಯಿಂದ ದೊಡ್ಡವರಾದವರು ಬಹಳ ಮಂದಿ ಇದ್ದಾರೆ, ಅದನ್ನು ಅಲ್ಲಗಳೆಯಬಾರದು. ಆದರೆ ಇದು ಹೆಚ್ಚಾಗಿ ಬ್ರಾಹ್ಮಣ ಹುಡುಗರಿಗೆ ಒದಗಿದ ಅನುಕೂಲ. ಮಡಿ ಮೈಲಿಗೆಯ ಆ ಕಾಲದಲ್ಲಿ ಹಮಾಲನ ಮಗನಿಗೆ ಆ ಏಳು ಬಾಗಿಲುಗಳಲ್ಲಿ ಒಂದೂ ತೆರೆಯುತ್ತಿರಲಿಲ್ಲ.

ಆಮೇಲೆ ಬಂದವು ಬೋರ್ಡಿಂಗುಗಳು. ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಇಳಿದವರು ಗುಬ್ಬಿ ತೋಟದಪ್ಪನವರ ಛತ್ರವನ್ನು ಕಂಡಿರಬಹುದು. ತೋಟದಪ್ಪನವರು (1838-1910) ವ್ಯಾಪಾರಿಗಳು. ಗಳಿಸಿದ್ದನ್ನು ಧರ್ಮಕ್ಕೆ ಬಿಟ್ಟು, ಪ್ರಯಾಣಿಕರಿಗೆ ಛತ್ರವನ್ನೂ ವಿದ್ಯಾರ್ಥಿಗಳಿಗೆ ಉಚಿತ ನಿಲಯವನ್ನೂ ಮಾಡಿದರು. ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯಪ್ಪಗಳು ಪ್ರಸಾದ ನಿಲಯ ನಡೆಸಿದರು. ಶಿರಸಂಗಿಯ ದೇಸಾಯಿ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೇ ಮೃತ್ಯುಪತ್ರದಿಂದ ಹುಡುಗರ ವಿದ್ಯಾಭ್ಯಾಸಕ್ಕೆ ಬರೆದಿಟ್ಟರು. ಅಂದಿನ ಬೋರ್ಡಿಂಗುಗಳಲ್ಲಿ ಬಹಳಷ್ಟು ಒಂದೊಂದು ಜಾತಿಯವರು ತಮ್ಮ ತಮ್ಮ ಹುಡುಗರಿಗಾಗಿ ಕಟ್ಟಿಕೊಂಡವು ಎಂಬುದನ್ನೂ ಹೇಳಿಬಿಡಬೇಕು. ಶಾಲೆಯಲ್ಲಿ ಒಂದೇ ಬೆಂಚು, ಊಟಕ್ಕೆ ಬೇರೆ ಬೇರೆ ಬೀದಿ.

ಎಲ್ಲರಿಗಿಂತ ಕೆಳಗೆ ಇಟ್ಟಿದ್ದವರ ಮಕ್ಕಳಿಗಾಗಿ ಧಾರವಾಡದಲ್ಲಿ ವಸತಿಗೃಹ ತೆರೆದವರು ಡಾ. ಅಂಬೇಡ್ಕರರು. ಅದನ್ನು ನೋಡಿಕೊಳ್ಳುತ್ತಿದ್ದವರು ಅವರ ಸಹಚರ ವರಾಳೆಯವರು. ಅಂಬೇಡ್ಕರರ ಪತ್ನಿ ರಮಾಬಾಯಿಯವರು ಆರೋಗ್ಯ ಸುಧಾರಿಸಿಕೊಳ್ಳಲು ಅಲ್ಲಿ ಕೆಲವು ದಿನ ಇದ್ದರು. ಆಗ ನಡೆದ ಸಂಗತಿಯೊಂದನ್ನು ಇಂದಿಗೂ ಹೇಳುತ್ತಾರೆ. ಅಂಗಳದಲ್ಲಿ ದಿನವೂ ಆಡುತ್ತಿದ್ದ ಮಕ್ಕಳು ಒಂದೆರಡು ದಿನ ಕಾಣಿಸಲೇ ಇಲ್ಲವಂತೆ. ವಿಚಾರಿಸಿದರೆ, ಅನುದಾನ ಬರುವುದು ತಡವಾಗಿ ದಿನಸಿ ಮುಗಿದಿದೆ, ಮಕ್ಕಳು ಹಸಿದಿದ್ದಾರೆ ಎಂದು ತಿಳಿಯಿತು. ರಮಾಬಾಯಿಯವರು ತಮ್ಮ ಕೈಯ ಬಂಗಾರದ ಬಳೆಗಳನ್ನು ಬಿಚ್ಚಿಕೊಟ್ಟು ದಿನಸಿ ತರಿಸಿದರಂತೆ. ಅವರು 1935ರಲ್ಲಿ ತೀರಿಕೊಂಡರು. ನಮ್ಮ ನಾಗಪುರದಲ್ಲಿ ದೀಕ್ಷಾಭೂಮಿಗೆ ಹೋಗಿಬರುವ ಕನ್ನಡಿಗರಿಗೆ ಧಾರವಾಡದ ಈ ಸಂಬಂಧ ಗೊತ್ತಿರಲಿ ಎಂದು ಬರೆದೆ. ನಾಗಪುರದಲ್ಲಿಯೂ ಚೋಖಾಮೇಳಾ ವಸತಿಗೃಹ ಎಂಬುದು ಇಂಥದೇ ಹುಡುಗರ ಸಲುವಾಗಿ ಹುಟ್ಟಿದ್ದು.

ಊಟ ಮತ್ತು ನೆರಳು ಸಿಕ್ಕಿದರೆ ಒಬ್ಬ ಹುಡುಗ ಎಲ್ಲಿಯವರೆಗೆ ಹೋಗಬಲ್ಲ ಎಂಬುದಕ್ಕೆ ನಾನು ಒಬ್ಬರ ಕಥೆಯನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರು ಎಂಬ ಹಳ್ಳಿಯಲ್ಲಿ ನರಸಿಂಹಯ್ಯ ಎಂಬ ಬಡವರ ಮನೆಯ ಹುಡುಗನಿದ್ದ. ಮಿಡ್ಲ್ ಸ್ಕೂಲು ಮುಗಿಯಿತು, ಹೈಸ್ಕೂಲು ಓದಬೇಕೆಂದರೆ ಬೆಂಗಳೂರಿಗೇ ಹೋಗಬೇಕು. ರೈಲಿಗೆ ಕೊಡಲು ಹಣವಿಲ್ಲ. 1935ರಲ್ಲಿ ಆ ಹುಡುಗ ಐವತ್ತು ಮೈಲಿಯಷ್ಟು ದಾರಿಯನ್ನು ಎರಡು ದಿನ ನಡೆದು ಬೆಂಗಳೂರು ಸೇರಿ, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿಗೆ ಸೇರಿಕೊಂಡ. ಆ ಶಾಲೆ 1917ರಲ್ಲಿ ಆನಿ ಬೆಸೆಂಟರ ರಾಷ್ಟ್ರೀಯ ಶಿಕ್ಷಣದ ಚಳವಳಿಯಿಂದ ಹುಟ್ಟಿದ್ದು. ಇರಲು ಬಡ ವಿದ್ಯಾರ್ಥಿಗಳ ನಿಲಯದಲ್ಲಿ ಜಾಗ ಸಿಕ್ಕಿತು. ಮರುವರ್ಷ, ಅಂದರೆ 1936ರಲ್ಲಿ, ಗಾಂಧೀಜಿ ಶಾಲೆಗೆ ಬಂದರು. ಅವರ ಹಿಂದಿ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳಿದವನು ಇದೇ ಹಳ್ಳಿಯ ಹುಡುಗ. ನಾವು ಇಲ್ಲಿ ದಿನಬೆಳಗಾದರೆ ದಲಾಲಿ ಅಂಗಡಿಯಲ್ಲಿ ಹಿಂದಿಯಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿಗೆ ಮಾತು ತಿರುಗಿಸುವವರು. ಆ ಹುಡುಗನ ಎದೆ ಆ ಹೊತ್ತು ಎಷ್ಟು ಡವಗುಟ್ಟಿರಬೇಕು ಎಂಬುದು ನಮಗೆ ಗೊತ್ತಾಗುತ್ತದೆ.

1942ರಲ್ಲಿ ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟು ಚಳವಳಿಗೆ ಧುಮುಕಿ ಸೆರೆಮನೆ ಕಂಡರು. ಹೊರಗೆ ಬಂದು ಓದು ಮುಗಿಸಿ, 1946ರಲ್ಲಿ ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು. ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾಲಯಕ್ಕೆ ಹೋಗಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರ್ ಪದವಿ ಪಡೆದರು. ಜನಸಾಮಾನ್ಯರಿಗೆ ವಿಜ್ಞಾನ ತಿಳಿಸಲು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಆರಂಭಿಸಿದರು. 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳು, 1984ರಲ್ಲಿ ಪದ್ಮಭೂಷಣ. ಎಚ್. ನರಸಿಂಹಯ್ಯ ಎಂದರೆ ಎಲ್ಲರಿಗೂ ಗೊತ್ತು, ಎಚ್ಚೆನ್ ಎಂದೇ ಕರೆಯುತ್ತಿದ್ದರು.

ಆದರೆ ನನಗೆ ಬಹಳ ದೊಡ್ಡದಾಗಿ ಕಾಣುವುದು ಈ ಪದವಿಗಳಲ್ಲ. ಅಧ್ಯಾಪಕರಾದ ಮೇಲೂ, ಪ್ರಿನ್ಸಿಪಾಲರಾದ ಮೇಲೂ, ಕುಲಪತಿಗಳಾದ ಮೇಲೂ ಅವರು ಇದ್ದದ್ದು ವಿದ್ಯಾರ್ಥಿ ನಿಲಯದ ಒಂದು ಕೋಣೆಯಲ್ಲಿ. ಉಟ್ಟದ್ದು ಖಾದಿ, ಉಂಡದ್ದು ಹುಡುಗರ ಜೊತೆಗೆ. ಮದುವೆಯಾಗಲಿಲ್ಲ, ಮನೆ ಕಟ್ಟಲಿಲ್ಲ. 2005ರ ಜನವರಿ 31ರಂದು ತೀರಿಕೊಳ್ಳುವವರೆಗೂ ಹಾಸ್ಟೆಲಿನವರಾಗಿಯೇ ಉಳಿದರು. ಹಾಸ್ಟೆಲಿನಲ್ಲಿ ಬೆಳೆದು ದೊಡ್ಡ ನೌಕರಿ ಹಿಡಿದವರು ಸಾವಿರಾರು ಜನ. ನಿಲಯಕ್ಕೆ ಒಂದು ಮೂಟೆ ಅಕ್ಕಿ ಕಳಿಸುವವರು ಅವರಲ್ಲಿ ಕೆಲವರು. ಇವರು ತಮ್ಮನ್ನೇ ಕೊಟ್ಟುಬಿಟ್ಟರು. ತಮ್ಮ ಗೌರಿಬಿದನೂರು, ಬಾಗೇಪಲ್ಲಿಗಳಲ್ಲಿ ಕಾಲೇಜು ತೆರೆಸಿ, ಅಲ್ಲಿನ ಹುಡುಗರು ತಮ್ಮಂತೆ ನಡೆದು ಬರುವುದನ್ನು ತಪ್ಪಿಸಿದರು.

ಅದೇ ನ್ಯಾಷನಲ್ ಹೈಸ್ಕೂಲಿನ ಇನ್ನೊಬ್ಬ ಹುಡುಗನ ಹೆಸರು ಹೇಳದಿದ್ದರೆ ನಮ್ಮ ಕ್ರಿಕೆಟ್ ಮಿತ್ರರು ನನ್ನನ್ನು ಬಿಡುವುದಿಲ್ಲ. ಅನಿಲ್ ಕುಂಬ್ಳೆ. 1999ರಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಒಬ್ಬರೇ ಉರುಳಿಸಿದವರು, ಟೆಸ್ಟ್ ಪಂದ್ಯಗಳಲ್ಲಿ ಒಟ್ಟು 619 ವಿಕೆಟ್.

ಇನ್ನು ಸಿದ್ಧಗಂಗೆ. ತುಮಕೂರಿನ ಹತ್ತಿರದ ಈ ಮಠದ ಹೆಸರು ಕೇಳದ ಕನ್ನಡಿಗರಿಲ್ಲ. ಇದನ್ನು ಬೆಳೆಸಿದ ಶಿವಕುಮಾರ ಸ್ವಾಮಿಗಳು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ತಂಗಿದ್ದು ಮೇಲೆ ಹೇಳಿದ ತೋಟದಪ್ಪನವರ ವಿದ್ಯಾರ್ಥಿ ನಿಲಯದಲ್ಲಿಯೇ. ವ್ಯಾಪಾರಿಯೊಬ್ಬರು ಹಚ್ಚಿದ ಒಲೆಯ ಅನ್ನ ಉಂಡವರು ಮುಂದೆ ತಾವೇ ಎಷ್ಟು ದೊಡ್ಡ ಒಲೆ ಹಚ್ಚಿದರು ನೋಡಿ. 1941ರಲ್ಲಿ ಮಠದ ಹೊಣೆ ಅವರ ಮೇಲೆ ಬಿತ್ತು. ಆಗ ಇದ್ದದ್ದು ಕೆಲವೇ ಹುಡುಗರು, ಅವರಿಗೂ ಊಟ ಹೊಂದಿಸುವುದು ಕಷ್ಟ. ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ರಾಗಿ, ಅಕ್ಕಿ, ಬೇಳೆ ಬೇಡಿ ತಂದರು. ಅವರ ಕೊನೆಯ ವರ್ಷಗಳ ಹೊತ್ತಿಗೆ ಎಂಟು ಹತ್ತು ಸಾವಿರ ಮಕ್ಕಳು ಅಲ್ಲಿ ಉಣ್ಣುತ್ತಿದ್ದರು. ಯಾವ ಜಾತಿ, ಯಾವ ಧರ್ಮದ ಹುಡುಗನಾದರೂ ಒಂದೇ ಪಂಕ್ತಿ, ಒಂದೇ ಮುದ್ದೆ, ಒಂದೇ ಸಾರು.

ಅಲ್ಲಿ ಹುಡುಗರು ನಸುಕಿನಲ್ಲಿ ಏಳುತ್ತಾರೆ, ಸಾಲಾಗಿ ಬಯಲಿನಲ್ಲಿ ಕುಳಿತು ಪ್ರಾರ್ಥನೆ ಮಾಡುತ್ತಾರೆ, ತಟ್ಟೆ ತಾವೇ ತೊಳೆಯುತ್ತಾರೆ, ಬಡಿಸುವುದಕ್ಕೂ ನಿಲ್ಲುತ್ತಾರೆ. ಅನ್ನ, ಅಕ್ಷರ, ಆಶ್ರಯ ಮೂರನ್ನೂ ಸೇರಿಸಿ ತ್ರಿವಿಧ ದಾಸೋಹ ಎನ್ನುತ್ತಾರೆ. 2019ರ ಜನವರಿ 21ರಂದು, 111ನೆಯ ವಯಸ್ಸಿನಲ್ಲಿ ಸ್ವಾಮಿಗಳು ದೇಹ ಬಿಟ್ಟದ್ದು ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ. ಸುದ್ದಿಯನ್ನು ಹೊರಗೆ ಹೇಳಿದ್ದು ಮಕ್ಕಳ ಊಟ ಮುಗಿದ ಮೇಲೆ. ಸುದ್ದಿ ಕೇಳಿದರೆ ಮಕ್ಕಳು ತಟ್ಟೆ ಬಿಟ್ಟೇಳುತ್ತಾರೆ, ಮೊದಲು ಅವರು ಉಣ್ಣಲಿ ಎಂಬುದು ಅವರದೇ ಇಚ್ಛೆಯಾಗಿತ್ತೆಂದು ಆಗ ಪತ್ರಿಕೆಗಳಲ್ಲಿ ಬಂದಿತ್ತು. ಸರಕಾರ 2002ರಲ್ಲಿ ಕಲಬುರಗಿ, ಬೀದರ, ರಾಯಚೂರು ಮೊದಲಾದ ಏಳು ಜಿಲ್ಲೆಗಳಲ್ಲಿ ಶಾಲೆಯ ಬಿಸಿಯೂಟ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರು ಅಕ್ಷರ ದಾಸೋಹ. ಆ ಮಾತು ಬಂದದ್ದು ಇಂಥ ಮಠಗಳ ಅಡಿಗೆಮನೆಯಿಂದಲೇ.

ಊಟ ಸಿಕ್ಕರೆ ಸಾಕೇ, ಅಂಕ ಹೇಗೆ ಬರುತ್ತದೆ ಎಂದು ಕೇಳಬಹುದು. ನಾನೂ ಮೂರು ವರ್ಷ ಒಂದು ಬೋರ್ಡಿಂಗಿನಲ್ಲಿದ್ದು ಮೆಟ್ರಿಕ್ ಮುಗಿಸಿದವನು, ಕಂಡದ್ದನ್ನು ಹೇಳುತ್ತೇನೆ. ರಾತ್ರಿ ದೀಪವಿರುತ್ತದೆ. ಅಂಗಡಿಗೆ ಹೋಗಿ ಬಾ, ತಂಗಿಯನ್ನು ಎತ್ತಿಕೋ ಎನ್ನುವವರಿಲ್ಲ. ಎಲ್ಲರೂ ಪುಸ್ತಕ ಹಿಡಿದಾಗ ಒಬ್ಬನೇ ಸುಮ್ಮನೆ ಕೂರಲು ನಾಚಿಕೆಯಾಗುತ್ತದೆ. ಇವೆಲ್ಲಕ್ಕಿಂತ ಮುಖ್ಯವಾಗಿ, ಮೇಷ್ಟರನ್ನು ಕೇಳಲು ಹೆದರುವ ಹುಡುಗ ಮೇಲಿನ ತರಗತಿಯ ಹುಡುಗನನ್ನು ಕೇಳುತ್ತಾನೆ. ನನಗೆ ಶೇಕಡಾ ಲೆಕ್ಕ ತಿಳಿದದ್ದು ತರಗತಿಯಲ್ಲಲ್ಲ. ಪಕ್ಕದ ಚಾಪೆಯ ಹಿರಿಯ ಹುಡುಗ ಹುಣಸೆಬೀಜ ಇಟ್ಟು ಹೇಳಿಕೊಟ್ಟ. ನೂರು ಕಿಲೋ ತೊಗರಿಗೆ ಎಪ್ಪತ್ತು ಚಿಲ್ಲರೆ ಕಿಲೋ ಬೇಳೆ, ಉಳಿದದ್ದು ಚುನ್ನಿ ಎಷ್ಟು, ಹೊಟ್ಟು ಎಷ್ಟು ಎಂದು ಮಿಲ್ಲಿನ ವಹಿಯಲ್ಲಿ ನಾನು ಇಂದು ಬರೆಯುವುದು ಆ ಹುಣಸೆಬೀಜದ ಲೆಕ್ಕವನ್ನೇ.

ಎಲ್ಲವೂ ಚೆನ್ನಾಗಿತ್ತೆಂದು ಬರೆದರೆ ಸುಳ್ಳಾದೀತು. ನಾನಿದ್ದ ನಿಲಯದಲ್ಲಿ, ಯಾವ ಊರೆಂದು ಬೇಡ, ಸಾರಿನಲ್ಲಿ ಬೇಳೆ ಹುಡುಕಬೇಕಾಗಿತ್ತು. ಕಜ್ಜಿ ಒಬ್ಬನಿಗೆ ಬಂದರೆ ಇಡೀ ಕೋಣೆಗೆ ಬರುತ್ತಿತ್ತು. ಮೊದಲ ತಿಂಗಳು ರಾತ್ರಿ ಅಳದ ಹುಡುಗನಿಲ್ಲ, ಓಡಿಹೋದವರೂ ಇದ್ದರು. ಓಡಿಹೋದವರು ದಡ್ಡರೇನೂ ಅಲ್ಲ. ವರ್ಷವಿಡೀ ಮನೆಯಿಂದ ಯಾರೂ ಬಂದು ನೋಡದವರು ಹೆಚ್ಚಾಗಿ ಓಡಿಹೋದರು. ಆದ್ದರಿಂದ ಮಗನನ್ನು ನಿಲಯಕ್ಕೆ ಹಾಕಿ, ಇನ್ನು ನಮ್ಮ ಹೊಣೆ ತೀರಿತು ಎಂದುಕೊಳ್ಳುವವರು ಹಾಕದಿರುವುದೇ ಮೇಲು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿ, ಹಬ್ಬಕ್ಕೆ ಊರಿಗೆ ಹೋದಾಗ ಮೊದಲು ನಿಲಯಕ್ಕೆ ಹೋಗಿ, ಅಲ್ಲಿ ಪಂಕ್ತಿಯಲ್ಲಿ ಕುಳಿತು ಒಂದು ಹೊತ್ತು ಉಂಡು ಬನ್ನಿ. ಸಾರು ಹೇಗಿದೆ ಎಂಬುದೂ ತಿಳಿಯುತ್ತದೆ. ಎಂಟು ವರ್ಷದೊಳಗಿನ ಮಗುವನ್ನಂತೂ ಕಳಿಸಬೇಡಿರೆಂದು ನನ್ನ ಅಭಿಪ್ರಾಯ.

ಮಠಗಳ ನಿಲಯಗಳಲ್ಲದೆ ಕರ್ನಾಟಕ ಸರಕಾರದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಇವೆ. ಆರನೆಯ ತರಗತಿಗೆ ಪ್ರವೇಶ, ಐದನೆಯದು ಓದುತ್ತಿರುವಾಗ ಪರೀಕ್ಷೆ, ಊಟ ವಸತಿ ಪುಸ್ತಕ ಎಲ್ಲ ಉಚಿತ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ಊರಿನ ನಾಡಕಚೇರಿಯಲ್ಲಿ ಮಾಡಿಸಬೇಕಾಗುತ್ತದೆ. ಕೊನೆಯ ಗಳಿಗೆಯಲ್ಲಿ ಇಲ್ಲಿಂದ ಓಡುವ ಬದಲು, ಜಾತ್ರೆಗೋ ನಾಗರಪಂಚಮಿಗೋ ಹೋದಾಗಲೇ ಮಾಡಿಸಿಟ್ಟುಕೊಳ್ಳುವುದು ಜಾಣತನ.

ನಮ್ಮ ಅಫಜಲಪುರದ ಗೆಳೆಯರು ಇದನ್ನೆಲ್ಲ ಕೇಳಿಸಿಕೊಂಡು, ಮುಂದಿನ ವರ್ಷ ಹುಡುಗನನ್ನು ಐದನೆಯ ತರಗತಿಗೆ ಊರಿನ ಶಾಲೆಗೆ, ಅಜ್ಜಿಯ ಮನೆಯಲ್ಲಿ ಬಿಡುವುದೆಂದು ಸದ್ಯಕ್ಕೆ ನಿಶ್ಚಯಿಸಿದ್ದಾರೆ. ತಾಯಿ ಇನ್ನೂ ಒಪ್ಪಿಲ್ಲ. ಅಲ್ಲಿಯವರೆಗೆ ಹುಡುಗನಿಗೆ ಕನ್ನಡ ಅಕ್ಷರ ಬರಬೇಕಲ್ಲ. ಕಳೆದ ಮೂರು ರವಿವಾರಗಳಿಂದ ಅವನು ವಾಚನಾಲಯಕ್ಕೆ ಬರುತ್ತಿದ್ದಾನೆ, ಜೊತೆಗೆ ಇನ್ನಿಬ್ಬರು. ಕಾಗುಣಿತ ಮುಗಿದು ಒತ್ತಕ್ಷರಕ್ಕೆ ಬಂದಿದ್ದೇವೆ. ಬೇರೆ ಮಕ್ಕಳಿದ್ದರೂ ಕಳಿಸಿರಿ, ಬೆಳಿಗ್ಗೆ ಹತ್ತು ಗಂಟೆಗೆ. ಪಾಟಿ ಮತ್ತು ಬಳಪ ಇಲ್ಲಿಯೇ ಇವೆ.