ಹಳೆಯ ಅಲ್ಯೂಮಿನಿಯಂ ದೋಣಿಗೆ ಮರುಜೀವ: ತಪ್ಪು ಕಲ್ಪನೆ ಮತ್ತು ಸತ್ಯ

ಅಮೆರಿಕದ ಮಿನೆಸೋಟ, ವಿಸ್ಕಾನ್ಸಿನ್, ಮಿಷಿಗನ್ ರಾಜ್ಯಗಳ ಸರೋವರಗಳಲ್ಲಿ ಮೀನು ಹಿಡಿಯಲು ಬಳಸುವ 12ರಿಂದ 16 ಅಡಿ ಉದ್ದದ ಸಣ್ಣ ದೋಣಿಗಳಿಗೆ ಜನ ‘ಟಿನ್ ಬೋಟ್’ ಎನ್ನುತ್ತಾರೆ. ಹೆಸರಿನಲ್ಲೇ ಮೊದಲ ತಪ್ಪು ಕಲ್ಪನೆ ಇದೆ. ಈ ದೋಣಿಗಳಲ್ಲಿ ತವರ ಇಲ್ಲ, ಇರುವುದು ಅಲ್ಯೂಮಿನಿಯಂ. ಅದಕ್ಕೆ ಗಟ್ಟಿತನ ಬರಲೆಂದು ಸ್ವಲ್ಪ ಮೆಗ್ನೀಸಿಯಂ ಬೆರೆಸಿರುತ್ತಾರೆ. ಹೆಚ್ಚಾಗಿ ಬಳಕೆಯಲ್ಲಿರುವ 5052 ಎಂಬ ಮಿಶ್ರಲೋಹದಲ್ಲಿ ಮೆಗ್ನೀಸಿಯಂ ಪ್ರಮಾಣ ಸುಮಾರು ಶೇ. 2.5. ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನ ಕಾರ್ಖಾನೆಗಳಲ್ಲಿ ತಗಡು ಬಾಗಿಸಿ ರಿವೆಟ್ ಹೊಡೆಯುತ್ತಿದ್ದ ಕೈಗಳಿಗೆ ಬೇರೆ ಕೆಲಸ ಬೇಕಾಯಿತು. ನ್ಯೂಯಾರ್ಕ್‌ನ ಗ್ರಮ್ಮನ್ ವಿಮಾನ ಕಂಪನಿ ಅಲ್ಯೂಮಿನಿಯಂನ ಕಿರುದೋಣಿಗಳನ್ನು ತಯಾರಿಸತೊಡಗಿತು. ಮಿನೆಸೋಟದಲ್ಲಿ 1946ರಲ್ಲಿ ಅಲ್ಯುಮಾಕ್ರಾಫ್ಟ್, 1948ರಲ್ಲಿ ಲುಂಡ್ ಕಂಪನಿಗಳು ಹುಟ್ಟಿದವು. ಆ ತಲೆಮಾರಿನ ದೋಣಿಗಳು ಈಗಲೂ ಕೊಟ್ಟಿಗೆಗಳಲ್ಲಿ, ಹಿತ್ತಲುಗಳಲ್ಲಿ ಮಗುಚಿ ಬಿದ್ದಿವೆ. ಅವನ್ನು ಎತ್ತಿ, ಸರಿಪಡಿಸಿ, ಹಳೆಯ ಎಂಜಿನ್ ಕೂರಿಸಿ ಮತ್ತೆ ನೀರಿಗಿಳಿಸುವುದು ಅಲ್ಲಿ ಬಹಳ ಜನರ ಹವ್ಯಾಸ. ಈ ಕೆಲಸದ ಸುತ್ತ ಬೆಳೆದಿರುವ ನಂಬಿಕೆಗಳಲ್ಲಿ ಹಲವು ದೋಣಿಗೇ ಅಪಾಯಕಾರಿ. ಅಲ್ಯೂಮಿನಿಯಂ ದೋಣಿಯನ್ನು ನೀರು ಕೆಡಿಸುವುದು ಅಪರೂಪ. ತಿಳಿಯದೆ ಮಾಡಿದ ದುರಸ್ತಿ ಕೆಡಿಸುವುದೇ ಹೆಚ್ಚು.

“ಅಲ್ಯೂಮಿನಿಯಂಗೆ ತುಕ್ಕಿಲ್ಲ, ಹಾಗಾಗಿ ಅದು ಕೆಡುವುದೂ ಇಲ್ಲ”

ಮೊದಲರ್ಧ ನಿಜ. ತುಕ್ಕು ಕಬ್ಬಿಣಕ್ಕೆ ಮಾತ್ರ ಹಿಡಿಯುತ್ತದೆ. ಅಲ್ಯೂಮಿನಿಯಂ ಗಾಳಿಗೆ ಒಡ್ಡಿಕೊಂಡ ಕೂಡಲೇ ಅದರ ಮೈಮೇಲೆ ಕೆಲವೇ ನ್ಯಾನೊಮೀಟರ್ ದಪ್ಪದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೆ ಗೀರಿನ ಮೇಲೂ ಕ್ಷಣದಲ್ಲಿ ಹೊಸ ಪದರ ಮೂಡುತ್ತದೆ. ಲೋಹವನ್ನು ಕಾಪಾಡುವುದು ಇದೇ ಪದರ. ಅದು ಮತ್ತೆ ಮತ್ತೆ ಮೂಡಲು ಆಮ್ಲಜನಕ ಬೇಕು ಎಂಬುದನ್ನು ಮಾತ್ರ ಜನ ಮರೆಯುತ್ತಾರೆ. ದೋಣಿಯ ನೆಲಕ್ಕೆ ಹಾಸಿದ ಕಾರ್ಪೆಟ್ಟು, ಪಕ್ಕೆಲುಬುಗಳ ಸಂದಿಯಲ್ಲಿ ಕೂತ ಕೆಸರು, ನೀರು ಕುಡಿದ ಫೋಮ್ ಇವುಗಳ ಅಡಿಯಲ್ಲಿ ತೇವ ಇರುತ್ತದೆ, ಗಾಳಿ ಇರುವುದಿಲ್ಲ. ಅಲ್ಲಿ ಬಿಳಿ ಪುಡಿ ಕಾಣಿಸಿಕೊಳ್ಳುತ್ತದೆ. ಪುಡಿ ಕೆರೆದರೆ ಅಡಿಯಲ್ಲಿ ಗುಂಡುಸೂಜಿಯ ತಲೆಯಷ್ಟು ಸಣ್ಣ ಕುಳಿಗಳು. ಹೊರಗಿನಿಂದ ನುಣುಪಾಗಿ ಹೊಳೆಯುವ ತಗಡು ಒಳಗಿನಿಂದ ಸವೆದು ತೂತಾಗಿರಬಹುದು. ಆದ್ದರಿಂದ ದುರಸ್ತಿ ಶುರುವಾಗುವುದು ಹೊರಮೈ ಉಜ್ಜುವುದರಿಂದಲ್ಲ, ನೆಲಹಾಸನ್ನು ಪೂರ್ತಿ ಕಿತ್ತು ತೆಗೆಯುವುದರಿಂದ. ರಾತ್ರಿ ದೋಣಿಯ ಕೆಳಗೆ ಒಂದು ದೀಪ ಇಟ್ಟು, ಕತ್ತಲಲ್ಲಿ ಒಳಗಿನಿಂದ ನೋಡಿದರೆ ತೂತುಗಳು ನಕ್ಷತ್ರಗಳ ಹಾಗೆ ಒಂದೊಂದಾಗಿ ಕಾಣುತ್ತವೆ. ಇದಕ್ಕಿಂತ ಒಳ್ಳೆಯ, ಖರ್ಚಿಲ್ಲದ ಪರೀಕ್ಷೆ ಇನ್ನೊಂದಿಲ್ಲ.

ಅಲ್ಯೂಮಿನಿಯಂನ ಇನ್ನೊಂದು ಶತ್ರು ತಾಮ್ರ. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿ, ನಡುವೆ ನೀರು ನಿಂತರೆ ಅದು ಟಾರ್ಚಿನ ಬ್ಯಾಟರಿ ಇದ್ದ ಹಾಗೆಯೇ. ಸಣ್ಣ ವಿದ್ಯುತ್ ಪ್ರವಾಹ ಹುಟ್ಟಿ, ಎರಡರಲ್ಲಿ ಹೆಚ್ಚು ಕ್ರಿಯಾಶೀಲವಾದ ಲೋಹ ಕರಗುತ್ತ ಹೋಗುತ್ತದೆ. ತಾಮ್ರ ಮತ್ತು ಅಲ್ಯೂಮಿನಿಯಂ ಜೋಡಿಯಲ್ಲಿ ಕರಗುವುದು ಯಾವಾಗಲೂ ಅಲ್ಯೂಮಿನಿಯಂ. ದೋಣಿಯ ತಳದ ನಿಂತ ನೀರಿನಲ್ಲಿ ಬಿದ್ದ ತಾಮ್ರದ ನಾಣ್ಯ, ಹಿತ್ತಾಳೆಯ ಸ್ಕ್ರೂ, ತಂತಿಯ ತುಂಡು ತನ್ನ ಅಡಿಯಲ್ಲೇ ತೂತು ಕೊರೆಯಬಲ್ಲದು. ಉಪ್ಪುನೀರಿನಲ್ಲಿ ಇದು ಇನ್ನೂ ಬೇಗ ನಡೆಯುತ್ತದೆ. ಪಾಚಿ ಕಟ್ಟದಿರಲೆಂದು ದೊಡ್ಡ ಹಡಗುಗಳ ತಳಕ್ಕೆ ಬಳಿಯುವ ತಾಮ್ರದ ಆಕ್ಸೈಡ್ ಬೆರೆತ ಬಣ್ಣವನ್ನು ಅಲ್ಯೂಮಿನಿಯಂ ದೋಣಿಗೆ ಬಳಿಯಲೇಬಾರದು ಎನ್ನುವುದು ಇದಕ್ಕಾಗಿಯೇ.

“ನೀರಿಗೆ ಕೊಳೆಯದ, ಔಷಧಿ ಹಾಕಿದ ಮರವೇ ಒಳ್ಳೆಯದು”

ಹಳೆಯ ದೋಣಿಯಲ್ಲಿ ಮೊದಲು ಹೋಗುವುದು ಲೋಹವಲ್ಲ, ಮರ. ದೋಣಿಯ ಹಿಂತುದಿಯ ಚಪ್ಪಟೆ ಗೋಡೆಗೆ ಟ್ರಾನ್ಸಮ್ ಎನ್ನುತ್ತಾರೆ. ಎಂಜಿನ್ನಿನ ಪೂರ್ತಿ ಭಾರವನ್ನೂ ತಳ್ಳುವ ಬಲವನ್ನೂ ಹೊರುವುದು ಅದೇ. ತಗಡಿಗೆ ಒತ್ತಾಸೆಯಾಗಿ ಅದರೊಳಗೆ ಪ್ಲೈವುಡ್ ಕೂರಿಸಿರುತ್ತಾರೆ. ಬೋಲ್ಟಿನ ತೂತುಗಳಿಂದ ನೀರಿಳಿದು ಈ ಪ್ಲೈವುಡ್ ವರ್ಷಗಳು ಕಳೆದಂತೆ ಒದ್ದೆ ಹಿಟ್ಟಿನಂತಾಗುತ್ತದೆ. ಚಮಚದಲ್ಲಿ ತೋಡಿ ತೆಗೆಯುವಷ್ಟು ಮೆತ್ತಗಾದ ಟ್ರಾನ್ಸಮ್‌ಗಳು ಅಪರೂಪವಲ್ಲ.

ಇನ್ನು ಮುಂದೆ ಕೊಳೆಯದ ಮರವನ್ನೇ ಹಾಕೋಣ ಎಂದು ಜನ ಔಷಧಿ ತುಂಬಿದ ಹಲಗೆ ತರುತ್ತಾರೆ. ಆ ಔಷಧಿಯ ಮುಖ್ಯ ವಸ್ತು ತಾಮ್ರ. ಅಮೆರಿಕದಲ್ಲಿ 2003ರ ಕೊನೆಯವರೆಗೆ ಮನೆಬಳಕೆಯ ಮರಕ್ಕೆ ಕ್ರೋಮಿಯಂ, ತಾಮ್ರ, ಆರ್ಸೆನಿಕ್ ಬೆರೆತ ಔಷಧಿ ಹಾಕುತ್ತಿದ್ದರು. ಆರ್ಸೆನಿಕ್ ವಿಷದ ಭಯದಿಂದ ತಯಾರಕರು ಅದನ್ನು ಕೈಬಿಟ್ಟರು. ಬದಲಿಗೆ ಬಂದ ಔಷಧಿಗಳಲ್ಲಿ ತಾಮ್ರದ ಪಾಲು ಮೊದಲಿಗಿಂತ ಹೆಚ್ಚು. ಅಂಥ ಹಲಗೆಯನ್ನು ಒದ್ದೆಯಾಗಿ ಅಲ್ಯೂಮಿನಿಯಂಗೆ ಒತ್ತಿ ಕೂರಿಸಿದರೆ ಮರ ಉಳಿದೀತು, ಟ್ರಾನ್ಸಮ್‌ನ ತಗಡು ಉಳಿಯದು. ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪುಗಳಲ್ಲಿ ಇದೇ ಅತಿ ದುಬಾರಿಯಾದದ್ದು.

ಮರೀನ್ ಪ್ಲೈವುಡ್ ನೀರಿಗೆ ಜಗ್ಗುವುದಿಲ್ಲ ಎಂಬ ನಂಬಿಕೆಯೂ ಅರೆಸತ್ಯ. ಅದರಲ್ಲಿ ನೀರಿಗೆ ಬಿಡದಿರುವುದು ಅಂಟು. ಪದರಗಳ ನಡುವೆ ಪೊಳ್ಳೂ ಇರುವುದಿಲ್ಲ. ಮರ ಮಾತ್ರ ಮರವೇ, ನೆನೆದರೆ ಕೊಳೆಯುತ್ತದೆ. ಆದ್ದರಿಂದ ಉಳಿಯುವ ದಾರಿ ಒಂದೇ. ಮುಕ್ಕಾಲು ಇಂಚಿನ ಎರಡು ಹಾಳೆಗಳನ್ನು ಅಂಟಿಸಿ ಒಂದೂವರೆ ಇಂಚು ದಪ್ಪ ಮಾಡಿ, ಎಲ್ಲ ಮೈಗೂ, ವಿಶೇಷವಾಗಿ ಅಂಚುಗಳಿಗೆ, ಎರಡು ಮೂರು ಸಲ ಎಪಾಕ್ಸಿ ಕುಡಿಸಬೇಕು. ಬೋಲ್ಟಿನ ತೂತನ್ನು ಬೇಕಾದುದಕ್ಕಿಂತ ದೊಡ್ಡದಾಗಿ ಕೊರೆದು, ಎಪಾಕ್ಸಿ ತುಂಬಿಸಿ, ಅದು ಗಟ್ಟಿಯಾದ ಮೇಲೆ ಸರಿಯಾದ ಅಳತೆಗೆ ಮತ್ತೆ ಕೊರೆಯಬೇಕು. ಆಗ ತೂತಿಗೆ ನೀರು ಇಳಿದರೂ ಮರದ ನಾರಿಗೆ ಮುಟ್ಟುವುದಿಲ್ಲ. ಬೋಲ್ಟ್ ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೂ ಅದರ ತಲೆಯ ಅಡಿಗೆ ಸೀಲಂಟ್ ಹಚ್ಚಿ, ನೈಲಾನ್ ವಾಷರ್ ಹಾಕುವುದು ಕ್ಷೇಮ.

“ಸೋರುವ ರಿವೆಟ್‌ಗೆ ಸಿಲಿಕೋನ್ ಮೆತ್ತಿದರೆ ಸಾಕು, ಇಲ್ಲವೇ ವೆಲ್ಡಿಂಗ್”

ಸ್ನಾನದಮನೆಯ ಸಂದುಗಳಿಗೆ ಹಾಕುವ ಸಿಲಿಕೋನ್ ಅಲೆಯ ಹೊಡೆತಕ್ಕೆ ಬಾಗುವ ತಗಡಿನ ಮೇಲೆ ಹೆಚ್ಚು ದಿನ ನಿಲ್ಲುವುದಿಲ್ಲ. ಕಿತ್ತು ಬಂದ ಮೇಲೆ ಅದು ಬಿಟ್ಟುಹೋಗುವ ಜಿಡ್ಡಿನ ಮೇಲೆ ಬೇರಾವ ಅಂಟೂ ಹಿಡಿಯುವುದಿಲ್ಲ. ಮೊದಲು ಸೋರುವ ಜಾಗ ಗೊತ್ತಾಗಬೇಕು. ದೋಣಿಯನ್ನು ಟ್ರೇಲರ್ ಮೇಲೆ ಇಟ್ಟು, ಒಳಗೆ ನಾಲ್ಕು ಬೆರಳು ನೀರು ತುಂಬಿಸಿ, ಕೆಳಗೆ ತೊಟ್ಟಿಕ್ಕುವ ರಿವೆಟ್‌ಗಳಿಗೆ ಬಣ್ಣದ ಗುರುತು ಹಾಕುತ್ತ ಹೋಗುವುದು ರೂಢಿ. ಹೆಚ್ಚು ತುಂಬಿಸಬಾರದು. 14 ಅಡಿ ದೋಣಿಯಲ್ಲಿ ನಾಲ್ಕು ಬೆರಳು ನೀರೇ ಸುಮಾರು 300 ಕಿಲೋ ತೂಗುತ್ತದೆ. ನೀರಿನಲ್ಲಿ ತೇಲುವಾಗ ತಳಕ್ಕೆ ಎಲ್ಲ ಕಡೆ ಸಿಗುವ ಆಸರೆ ಟ್ರೇಲರ್ ಮೇಲೆ ಸಿಗುವುದಿಲ್ಲ.

ಸಡಿಲವಾದ ರಿವೆಟ್ ಬಿಗಿಮಾಡಲು ಇಬ್ಬರು ಬೇಕು. ಒಬ್ಬರು ಒಳಗಿನಿಂದ ರಿವೆಟ್‌ನ ಬಾಲಕ್ಕೆ ಭಾರದ ಕಬ್ಬಿಣದ ಗಟ್ಟಿಯನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಹೊರಗಿನಿಂದ ತಲೆಯ ಮೇಲೆ ಸುತ್ತಿಗೆಯಿಂದ ಹೊಡೆಯಬೇಕು. ಸಡಿಲ ರಿವೆಟ್ ಹೊಡೆತಕ್ಕೆ ಮಂಕಾಗಿ ಸದ್ದು ಮಾಡುತ್ತದೆ. ಬಿಗಿಯಾದಾಗ ಸದ್ದು ಗಣಗಣ ಎನ್ನುತ್ತದೆ. ಕೈ ಪಳಗಿದವರು ನೋಡದೆಯೇ ಹೇಳಬಲ್ಲರು. ತಲೆ ಸವೆದುಹೋಗಿದ್ದರೆ ಕೊರೆದು ತೆಗೆದು ಹೊಸದನ್ನು ಹಾಕಬೇಕು. ಮಾಮೂಲಿ ಪಾಪ್ ರಿವೆಟ್ ನೀರಿನ ಮಟ್ಟದ ಕೆಳಗೆ ಕೆಲಸಕ್ಕೆ ಬಾರದು, ಏಕೆಂದರೆ ಅದರ ನಡುವೆಯೇ ತೂತಿರುತ್ತದೆ. ತುದಿ ಮುಚ್ಚಿದ ನಮೂನೆಯನ್ನು ಸೀಲಂಟ್‌ನಲ್ಲಿ ಅದ್ದಿ ಹಾಕಿದರೆ ನಡೆದೀತು. ಗಟ್ಟಿ ರಿವೆಟ್ ಎಲ್ಲಕ್ಕಿಂತ ಮೇಲು.

ವೆಲ್ಡಿಂಗ್ ಕೊನೆಯ ಉಪಾಯ. ಅಲ್ಯೂಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಅದರ ಮೈಮೇಲಿನ ಆಕ್ಸೈಡ್ ಕರಗಲು 2,000 ಡಿಗ್ರಿ ದಾಟಬೇಕು. ಕಬ್ಬಿಣದಂತೆ ಕೆಂಪಗಾಗಿ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಇದ್ದಕ್ಕಿದ್ದಂತೆ ತೊಟ್ಟಾಗಿ ಬೀಳುತ್ತದೆ. ಜೊತೆಗೆ ಆ ಕಾವು ಪಕ್ಕದ ರಿವೆಟ್‌ಗಳನ್ನು ಸಡಿಲಿಸುತ್ತದೆ, ತಗಡಿನ ಗಡಸುತನವನ್ನೂ ಇಳಿಸುತ್ತದೆ.

ಬಣ್ಣದ ವಿಷಯ ಚಿಕ್ಕದು. ಸಿಹಿನೀರಿನ ದೋಣಿಗೆ ರಕ್ಷಣೆಗೆಂದು ಬಣ್ಣ ಬೇಕಾಗಿಲ್ಲ. ಅದು ಚಂದಕ್ಕೆ ಮಾತ್ರ. ಬಳಿಯುವುದಾದರೆ ಹಳೆಯದನ್ನು ಸ್ಟೀಲ್ ವೂಲ್‌ನಿಂದ ಉಜ್ಜಬಾರದು. ಅದರ ಕಬ್ಬಿಣದ ಚೂರುಗಳು ತಗಡಿನಲ್ಲಿ ಹೂತು ಮುಂದೆ ಕುಳಿಗಳಾಗುತ್ತವೆ. ನೈಲಾನ್ ನಾರಿನಿಂದ ಉಜ್ಜಿ, ತೊಳೆದು, ಒಣಗಿದ ಕೂಡಲೇ ಅಲ್ಯೂಮಿನಿಯಂಗೆಂದೇ ಇರುವ ಎಚಿಂಗ್ ಪ್ರೈಮರ್ ಹೊಡೆಯಬೇಕು.

“ಸೀಟಿನಡಿಯ ಫೋಮ್ ದಂಡದ ಭಾರ”

ಅಲ್ಯೂಮಿನಿಯಂ ನೀರಿಗಿಂತ 2.7 ಪಟ್ಟು ಭಾರ. ದೋಣಿ ತೇಲುವುದು ಅದರ ಆಕಾರದಿಂದ; ಒಳಗೆ ನೀರು ತುಂಬಿದರೆ ಕಲ್ಲಿನಂತೆ ಮುಳುಗುತ್ತದೆ. ಆಗ ಮೇಲೆ ಹಿಡಿದಿಡುವುದು ಸೀಟುಗಳ ಅಡಿಯಲ್ಲಿ ತುಂಬಿದ ಫೋಮ್. ಒಂದು ಘನ ಅಡಿ ನೀರಿನ ತೂಕ ಸುಮಾರು 62 ಪೌಂಡ್, ಅಷ್ಟೇ ಜಾಗದ ಫೋಮ್‌ನ ತೂಕ ಸುಮಾರು 2 ಪೌಂಡ್. ಅಂದರೆ ಪ್ರತಿ ಘನ ಅಡಿ ಫೋಮ್ ಸುಮಾರು 60 ಪೌಂಡ್ ಭಾರವನ್ನು ಎತ್ತಿ ಹಿಡಿಯುತ್ತದೆ. ಅಮೆರಿಕದಲ್ಲಿ 1971ರ ದೋಣಿ ಸುರಕ್ಷತಾ ಕಾಯ್ದೆಯ ಬಳಿಕ ಇದಕ್ಕೆ ನಿಯಮ ಬಂತು. 1978ರ ಆಗಸ್ಟ್‌ನಿಂದ, 20 ಅಡಿಗಿಂತ ಚಿಕ್ಕದಾದ ಔಟ್‌ಬೋರ್ಡ್ ದೋಣಿಗಳು, ಅಂದರೆ ಎಂಜಿನ್ನನ್ನು ಹಿಂತುದಿಗೆ ಹೊರಗಿನಿಂದ ತೂಗುಹಾಕುವ ದೋಣಿಗಳು, ನೀರು ತುಂಬಿದರೂ ಮಗುಚದೆ ಮಟ್ಟಸವಾಗಿ ತೇಲುವಂತೆ ತಯಾರಿಸಬೇಕಾಯಿತು. ನೀರು ಕುಡಿದ ಹಳೆಯ ಫೋಮ್ ತೆಗೆದೆಸೆಯುವುದು ಸರಿ. ಆ ಜಾಗವನ್ನು ಖಾಲಿ ಬಿಟ್ಟು ಮೀನಿನ ಪೆಟ್ಟಿಗೆ ಮಾಡಿಕೊಳ್ಳುವುದು ಜೀವಕ್ಕೇ ಅಪಾಯ. ಥರ್ಮಕೋಲ್ ಪೆಟ್ರೋಲ್ ತಾಗಿದರೆ ಕರಗುತ್ತದೆ. ಮುಚ್ಚಿದ ಕೋಶಗಳ ಪಾಲಿಯುರಿಥೇನ್ ಫೋಮ್ ಬಳಸುವುದು ಲೇಸು.

ಎಂಜಿನ್ ಕೂರಿಸುವಾಗ

ನಾರ್ವೆಯಿಂದ ಬಂದು ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡ್ 1909ರಲ್ಲಿ ಮಾರಾಟಕ್ಕೆ ಇಟ್ಟ ಔಟ್‌ಬೋರ್ಡ್ ಎಂಜಿನ್ನಿಗೆ ಇದ್ದದ್ದು ಒಂದೂವರೆ ಅಶ್ವಶಕ್ತಿ. ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ಆಮೇಲೆ ಬೆಳೆದದ್ದು. ಅಮೆರಿಕದ ನಿಯಮದಲ್ಲಿ ಇದಕ್ಕೆ ಸರಳ ಲೆಕ್ಕವಿದೆ. ದೋಣಿಯ ಉದ್ದವನ್ನು ಟ್ರಾನ್ಸಮ್‌ನ ಅಗಲದಿಂದ ಗುಣಿಸಬೇಕು. 14 ಅಡಿ ಉದ್ದ, 4 ಅಡಿ ಅಗಲ ಇದ್ದರೆ 56. ಕೈಯಲ್ಲೇ ತಿರುಗಿಸುವ, ಚಪ್ಪಟೆ ತಳವಲ್ಲದ ದೋಣಿಗೆ ಅದರ 0.8 ಭಾಗದಿಂದ 25 ಕಳೆದರೆ 19.8 ಉಳಿಯುತ್ತದೆ, ಗರಿಷ್ಠ ಮಿತಿ 20 ಅಶ್ವಶಕ್ತಿ. ಹಿಂಬದಿಗೆ ಅದಕ್ಕಿಂತ ದೊಡ್ಡ ಎಂಜಿನ್ ತೂಗುಹಾಕಿದರೆ ಥಟ್ಟನೆ ವೇಗ ಇಳಿಸಿದಾಗ ಬೆನ್ನಟ್ಟಿ ಬಂದ ಅಲೆ ಟ್ರಾನ್ಸಮ್ ದಾಟಿ ಒಳಗೆ ನುಗ್ಗುತ್ತದೆ.

ಎತ್ತರದ ವಿಷಯದಲ್ಲೂ ಗೊಂದಲವಿದೆ. ಪ್ರೊಪೆಲ್ಲರ್ ಆಳದಲ್ಲಿದ್ದಷ್ಟೂ ಹಿಡಿತ ಜಾಸ್ತಿ ಎಂದು ಭಾವಿಸುವವರು ಬಹಳ. ಎಂಜಿನ್ನುಗಳು 15 ಇಂಚು ಮತ್ತು 20 ಇಂಚಿನ ಟ್ರಾನ್ಸಮ್‌ಗೆ ತಕ್ಕಂತೆ ಬೇರೆ ಬೇರೆ ಉದ್ದದಲ್ಲಿ ಬರುತ್ತವೆ. ಪ್ರೊಪೆಲ್ಲರ್ ಮೇಲಿನ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ ಅಥವಾ ಅದಕ್ಕಿಂತ ಸ್ವಲ್ಪ ಕೆಳಗಿರಬೇಕು. ತೀರಾ ಆಳವಾದರೆ ನೀರಿನ ಎಳೆತ ಹೆಚ್ಚಿ ಎಂಜಿನ್ ಬಳಲುತ್ತದೆ. ತೀರಾ ಮೇಲಾದರೆ ಪ್ರೊಪೆಲ್ಲರ್ ಮೇಲಿನ ಗಾಳಿಯನ್ನು ಎಳೆದುಕೊಂಡು ಬರಿದೇ ಸುತ್ತುತ್ತದೆ. ಆ ರೆಕ್ಕೆಗೆ ಕ್ಯಾವಿಟೇಷನ್ ಪ್ಲೇಟ್ ಎನ್ನುವುದು ರೂಢಿಯಾದರೂ ಹೆಸರು ತಪ್ಪು. ಕ್ಯಾವಿಟೇಷನ್ ಎಂದರೆ ಒತ್ತಡ ಕುಸಿದ ಜಾಗದಲ್ಲಿ ನೀರೇ ಆವಿಯ ಗುಳ್ಳೆಯಾಗುವುದು. ರೆಕ್ಕೆ ತಡೆಯುವುದು ಅದನ್ನಲ್ಲ, ಮೇಲಿನ ಗಾಳಿಯನ್ನು. ಟ್ರಾನ್ಸಮ್‌ಗೆ ಹೊಸ ಮರ ಹಾಕಿದಾಗ ಅಂಚು ಒಂದು ಇಂಚು ಏರಿದರೂ ಈ ಲೆಕ್ಕ ತಪ್ಪುತ್ತದೆ. ಬಿಗಿಹಿಡಿಯುವ ಎರಡು ಸ್ಕ್ರೂಗಳನ್ನೇ ನಂಬುವುದೂ ತಪ್ಪು; ಅವು ಅದುರಾಟಕ್ಕೆ ಸಡಿಲವಾಗುತ್ತವೆ. ಬೋಲ್ಟ್ ಅಥವಾ ಸರಪಳಿಯ ಆಸರೆ ಇರಲೇಬೇಕು.

“ಎಣ್ಣೆ ಹೆಚ್ಚಾದರೆ ಕೆಡುಕೇನಿಲ್ಲ”

ಹಳೆಯ ಟೂ-ಸ್ಟ್ರೋಕ್ ಎಂಜಿನ್ನಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. 50ಕ್ಕೆ 1ರ ಮಿಶ್ರಣವೆಂದರೆ 5 ಲೀಟರ್ ಪೆಟ್ರೋಲಿಗೆ 100 ಮಿಲಿಲೀಟರ್ ಎಣ್ಣೆ. ಇನ್ನೂ ಹಳೆಯವಕ್ಕೆ ಅದರ ಎರಡರಷ್ಟು ಬೇಕಾದೀತು. ಎಷ್ಟೆಂದು ಹೇಳಬೇಕಾದ್ದು ಆ ಎಂಜಿನ್ನಿನ ಕೈಪಿಡಿ, ಅಂದಾಜಲ್ಲ. ಎಣ್ಣೆ ಹೆಚ್ಚಾದರೆ ಸ್ಪಾರ್ಕ್ ಪ್ಲಗ್‌ಗೆ ಮಸಿ ಕಟ್ಟುತ್ತದೆ. ಕಾರ್ಬ್ಯುರೇಟರ್‌ನ ಅದೇ ಸಣ್ಣ ತೂತಿನಲ್ಲಿ ಹಾದುಹೋಗುವ ಪೆಟ್ರೋಲಿನ ಪಾಲೂ ಕಡಿಮೆಯಾಗುತ್ತದೆ. ಕಾರಿನ ಎಣ್ಣೆಯಂತೂ ಸಲ್ಲದು. ನೀರಿನಿಂದ ತಂಪಾಗುವ ಎಂಜಿನ್ನಿಗೆಂದೇ ಟಿಸಿ-ಡಬ್ಲ್ಯು3 ಎಂಬ ಗುಣಮಟ್ಟದ ಎಣ್ಣೆ ಇದೆ.

“ಒಂದು ನಿಮಿಷ ಒಣಗೇ ಸ್ಟಾರ್ಟ್ ಮಾಡಿ ನೋಡಿದರೇನಂತೆ” ಎಂಬ ಕುತೂಹಲ ಅತಿ ಹೆಚ್ಚು ಎಂಜಿನ್ನುಗಳಿಗೆ ಕುತ್ತು ತಂದಿದೆ. ಎಂಜಿನ್ ತಂಪಾಗುವುದು ಕೆರೆಯ ನೀರಿನಿಂದಲೇ. ಅದನ್ನು ಮೇಲೆತ್ತುವುದು ಕೆಳಗಿನ ಪಂಪಿನಲ್ಲಿ ತಿರುಗುವ ಇಂಪೆಲ್ಲರ್ ಎಂಬ ರಬ್ಬರಿನ ಚಕ್ರ. ಅದಕ್ಕೆ ಎಣ್ಣೆಯೂ ನೀರೇ. ಒಣಗಿ ತಿರುಗಿದರೆ ಅದರ ಎಲೆಗಳು ಕೆಲವೇ ಕ್ಷಣಗಳಲ್ಲಿ ಸುಟ್ಟು ಹರಿಯುತ್ತವೆ. ಬಳಸದೆ ಇಟ್ಟ ಎಂಜಿನ್ನಿನ ಇಂಪೆಲ್ಲರ್ ಹೊಸದರಂತೆಯೇ ಇರುತ್ತದೆ ಎಂಬುದೂ ಸುಳ್ಳು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಅದುಮಿಕೊಂಡಿದ್ದ ಎಲೆಗಳು ಹಾಗೇ ಬಾಗಿ ನಿಂತುಬಿಟ್ಟಿರುತ್ತವೆ; ಬಿಚ್ಚಿ ಕೈಯಲ್ಲಿ ಹಿಡಿದರೂ ನೇರವಾಗುವುದಿಲ್ಲ. ಅದನ್ನು ಬದಲಿಸಿ, ಎಂಜಿನ್ನಿನ ಕಾಲನ್ನು ನೀರು ತುಂಬಿದ ಡ್ರಮ್ಮಿನಲ್ಲಿ ಮುಳುಗಿಸಿ ಸ್ಟಾರ್ಟ್ ಮಾಡಬೇಕು. ನೀರು ಚಿಮ್ಮುವ ಸಣ್ಣ ರಂಧ್ರವಿರುವ ಮಾದರಿಯಲ್ಲಿ ಆ ಧಾರೆ ಬರದಿದ್ದರೆ ಕೂಡಲೇ ಆರಿಸಬೇಕು. ಮಲ್ಪೆ, ಗಂಗೊಳ್ಳಿಯ ನಾಡದೋಣಿಗಳ ಸೀಮೆಎಣ್ಣೆ ಔಟ್‌ಬೋರ್ಡ್‌ಗಳಿಗೂ ಇದೇ ಬಗೆಯ ಪಂಪು, ಇದೇ ನಿಯಮ.

ಮೊದಲ ಓಟ ದಡದ ಹತ್ತಿರವೇ, ಅರ್ಧ ಗಂಟೆಯಷ್ಟು ಇದ್ದರೆ ಸಾಕು. ಮರಳಿ ಬಂದ ಮೇಲೆ ತಳದಲ್ಲಿ ನೀರು ನಿಂತಿದೆಯೇ, ಟ್ರಾನ್ಸಮ್‌ನ ಸ್ಕ್ರೂ ಸಡಿಲವಾಗಿದೆಯೇ ನೋಡಬೇಕು. ಆಮೇಲೆ ಎಂಜಿನ್ನಿನ ಕಾಲಿನಲ್ಲಿರುವ ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಆಯಿಲ್‌ನ ನಾಲ್ಕು ಹನಿಗಳನ್ನು ಅಂಗೈಗೆ ಬಿಟ್ಟುಕೊಳ್ಳಬೇಕು. ಅದು ಹಾಲು ಬೆರೆತ ಚಹಾದಂತೆ ಬೆಳ್ಳಗಿದ್ದರೆ ಸೀಲ್ ಮೂಲಕ ನೀರು ಒಳನುಗ್ಗಿದೆ ಎಂದರ್ಥ. ಸೀಲ್ ಬದಲಿಸದೆ ಆ ಎಂಜಿನ್ನನ್ನು ಮತ್ತೆ ನೀರಿಗಿಳಿಸಬಾರದು.