‘ಎಮೋಟ್’: ಒಂದು ಕ್ರಿಯಾಪದದ ಕಾಗುಣಿತ, ಅರ್ಥ, ಪ್ರಯೋಗ

ಎರಡು ಭಾಷೆಗಳ ನಡುವೆ ಬಾಳುವವರಿಗೆ ಪದಗಳನ್ನು ಒರೆಗೆ ಹಚ್ಚುವುದು ನಿತ್ಯದ ಕೆಲಸ. ಹೈದರಾಬಾದಿನ ಕೂಕಟ್‌ಪಲ್ಲಿ ಅಂಥದೊಂದು ನೆಲೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಈ ನಗರ ಪರಕೀಯವೇನಲ್ಲ. ಇಲ್ಲಿ ಬೆಳೆಯುವ ಕನ್ನಡದ ಮಗು ಅನಗತ್ಯವಾಗಿ ಅತ್ತು ರಂಪ ಮಾಡಿದರೆ ನೆರೆಯ ತೆಲುಗು ಗೆಳೆಯರು ‘ಓವರ್ ಯಾಕ್ಷನ್ ಚೇಯಕು’ ಎನ್ನುತ್ತಾರೆ. ಮನೆಯಲ್ಲಿ ಅಜ್ಜಿ ‘ನಾಟಕ ಮಾಡಬ್ಯಾಡ’ ಎನ್ನುತ್ತಾಳೆ. ಅಂಥದೇ ಅಳುವನ್ನು ತೆರೆಯ ಮೇಲೆ ಕಂಡ ಇಂಗ್ಲಿಷ್ ಪತ್ರಿಕೆಯ ವಿಮರ್ಶಕ ‘ಎಮೋಟ್’ ಎಂಬ ಕ್ರಿಯಾಪದವನ್ನು ಬಳಸುತ್ತಾನೆ. ಮೇಲುನೋಟಕ್ಕೆ ಇವು ಮೂರೂ ಒಂದೇ. ವಾಸ್ತವದಲ್ಲಿ ಇವು ಮೂರು ಬೇರೆ ಬೇರೆ ತೀರ್ಪುಗಳು. ಈ ಭೇದವನ್ನು ಗುರುತಿಸದೆ ನಾವು ಅಭಿನಯವನ್ನು ಕುರಿತು ಬರೆಯುವ ಕನ್ನಡ ಸ್ಪಷ್ಟವಾಗಲಾರದು.

ಮೊದಲು ಪದದ ಹುಟ್ಟನ್ನು ನೋಡೋಣ. ‘ಹೊರಕ್ಕೆ ಚಲಿಸುವಂತೆ ಮಾಡು’ ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಫ್ರೆಂಚಿನ ಮೂಲಕ ‘ಎಮೋಷನ್’ ಎಂಬ ನಾಮಪದ ಇಂಗ್ಲಿಷಿಗೆ ಬಂದಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಅಮೆರಿಕದ ಇಂಗ್ಲಿಷ್ ಈ ನಾಮಪದದ ಬಾಲವನ್ನು ಕತ್ತರಿಸಿ ಕ್ರಿಯಾಪದವೊಂದನ್ನು ಸೃಷ್ಟಿಸಿತು. ಸಾಮಾನ್ಯವಾಗಿ ಕ್ರಿಯಾಪದದಿಂದ ನಾಮಪದ ಹುಟ್ಟುತ್ತದೆ. ಇಲ್ಲಿ ಕ್ರಮ ತಿರುವುಮುರುವಾಗಿದೆ. ‘ಎಡಿಟರ್’ ಎಂಬುದರಿಂದ ‘ಎಡಿಟ್’, ‘ಡೊನೇಷನ್’ ಎಂಬುದರಿಂದ ‘ಡೊನೇಟ್’ ಹುಟ್ಟಿದ್ದೂ ಹೀಗೆಯೇ. ಇಂಗ್ಲಿಷಿನಲ್ಲಿ ಇದರ ಕಾಗುಣಿತ ಇ-ಎಂ-ಓ-ಟಿ-ಇ ಎಂಬ ಐದು ಅಕ್ಷರಗಳು. ಕೊನೆಯ ಇ ಉಚ್ಚಾರವಾಗುವುದಿಲ್ಲ; ಅದು ಹಿಂದಿನ ಓಕಾರವು ದೀರ್ಘವೆಂಬುದನ್ನು ಸೂಚಿಸುತ್ತದೆ.

ಅರ್ಥದ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಇಂಗ್ಲಿಷ್ ನಿಘಂಟುಗಳು ಸಾಮಾನ್ಯವಾಗಿ ಈ ಪದಕ್ಕೆ ‘ಭಾವವನ್ನು ನಾಟಕೀಯವಾಗಿ, ಪ್ರದರ್ಶನಪರವಾಗಿ ತೋರು’ ಎಂಬ ಅರ್ಥವನ್ನು ಕೊಡುತ್ತವೆ. ಅದರೊಳಗೆ ನವಿರಾದ ಮೂದಲಿಕೆಯುಂಟು: ಭಾವ ಕಡಿಮೆ, ತೋರಿಕೆ ಹೆಚ್ಚು ಎಂಬ ಧ್ವನಿ. ಭಾರತದ ಇಂಗ್ಲಿಷ್ ಚಿತ್ರವಿಮರ್ಶೆಯಲ್ಲಿ ಈ ಧ್ವನಿ ಅಳಿಸಿಹೋಗಿದೆ. ನಟಿಯೊಬ್ಬಳು ‘ಚೆನ್ನಾಗಿ ಎಮೋಟ್ ಮಾಡುತ್ತಾಳೆ’ ಎಂದರೆ ಇಲ್ಲಿ ಅದು ಶುದ್ಧ ಪ್ರಶಂಸೆ. ನಮ್ಮ ‘ಭಾವಾಭಿನಯ’ಕ್ಕೆ ಅದು ಪರ್ಯಾಯ. ಒಂದು ಕಡೆ ನಿಂದೆಯಾದದ್ದು ಇನ್ನೊಂದು ಕಡೆ ಸ್ತುತಿಯಾಗುವಾಗ ಅನುವಾದಕನ ಹೊಣೆ ದೊಡ್ಡದು. ಅಮೆರಿಕದ ಲೇಖನವೊಂದರ ಈ ಪದವನ್ನು ‘ಭಾವಪೂರ್ಣವಾಗಿ ಅಭಿನಯಿಸು’ ಎಂದು ಕನ್ನಡಿಸಿದರೆ ತೀರ್ಪೇ ತಲೆಕೆಳಗಾದೀತು.

ಇಂಗ್ಲಿಷಿನಲ್ಲಿ ಇದಕ್ಕೆ ನೆಂಟರಾದ ಪದಗಳೂ ಇವೆ. ‘ಓವರ್‌ಆ್ಯಕ್ಟ್’ ಎಂಬುದು ನೇರವಾದ ದೂರು. ‘ಹ್ಯಾಮ್’ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ರಂಗಭೂಮಿಯ ಆಡುಮಾತಿನಿಂದ ಬಂದದ್ದು. ಕಳಪೆ ನಟನ ಹೆಸರಾಗಿದ್ದುದು ಮುಂದೆ ಕ್ರಿಯಾಪದವಾಯಿತು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕದ ಮೂರನೆಯ ಅಂಕದಲ್ಲಿ ರಾಜಕುಮಾರನು ನಟರಿಗೆ ಮಿತಿಯ ಉಪದೇಶ ಮಾಡುವ ಸಂದರ್ಭದಲ್ಲಿ, ಅಬ್ಬರಿಸುವ ಹೆರೋದ ರಾಜನ ಹೆಸರೇ ಕ್ರಿಯಾಪದವಾಗಿದೆ. ಅಂದರೆ ಅತಿನಟನೆಯ ಮೇಲಿನ ಆಕ್ಷೇಪ ಸಿನಿಮಾದೊಂದಿಗೆ ಹುಟ್ಟಿದ್ದಲ್ಲ.

ಇನ್ನು ಕನ್ನಡದ ಕಾಗುಣಿತ. ಇಂಗ್ಲಿಷ್ ಉಚ್ಚಾರಕ್ಕೆ ‘ಇಮೋಟ್’ ಹತ್ತಿರವಾದರೂ ‘ಎಮೋಷನ್’ ಎಂಬ ರೂಪ ಕನ್ನಡದಲ್ಲಿ ರೂಢಿಯಾಗಿರುವುದರಿಂದ ‘ಎಮೋಟ್’ ಎಂಬುದೇ ಸಹಜ. ನಿಜವಾದ ತೊಡಕು ಇರುವುದು ‘ಆ್ಯಕ್ಟಿಂಗ್’ ಎಂಬಲ್ಲಿ. ‘ಬ್ಯಾಂಕು’, ‘ಗ್ಯಾಸು’ ಎಂಬಲ್ಲಿ ಇಂಗ್ಲಿಷಿನ ಆ ಸ್ವರವನ್ನು ಹೊರಲು ವ್ಯಂಜನವಿದೆ. ಯಕಾರದ ಒತ್ತು ಅದರಡಿ ಕುಳಿತುಕೊಳ್ಳುತ್ತದೆ. ಪದದ ಮೊದಲಲ್ಲೇ ಆ ಸ್ವರ ಬಂದಾಗ ಒತ್ತಿಗೆ ಆಧಾರವಿಲ್ಲ. ಸ್ವರಾಕ್ಷರಕ್ಕೆ ವ್ಯಂಜನದ ಒತ್ತನ್ನು ಕೊಡುವುದು ನಮ್ಮ ವರ್ಣಮಾಲೆಯ ನಿಯಮಕ್ಕೆ ಹೊರಗು. ಆದ್ದರಿಂದಲೇ ‘ಆಕ್ಟಿಂಗ್’, ‘ಆ್ಯಕ್ಟಿಂಗ್’, ‘ಯಾಕ್ಟಿಂಗ್’ ಎಂಬ ಮೂರು ಬರಹಗಳು ಕಾಣಸಿಗುತ್ತವೆ. ತೆಲುಗು ಬರಹ ಯಕಾರವನ್ನೇ ಮುಂದಿಟ್ಟು ‘ಯಾಕ್ಷನ್’ ಎಂದು ಈ ಗಂಟನ್ನು ಬಿಡಿಸಿಕೊಂಡಿದೆ. ಕೂಕಟ್‌ಪಲ್ಲಿಯ ಗೋಡೆಗಳ ಸಿನಿಮಾ ಭಿತ್ತಿಪತ್ರಗಳನ್ನು ಓದಿ ಬೆಳೆದ ಕನ್ನಡದ ವಿದ್ಯಾರ್ಥಿ ‘ಯಾಕ್ಟಿಂಗ್’ ಎಂದು ಬರೆದರೆ ಅದನ್ನು ಅಜ್ಞಾನವೆನ್ನಲಾಗದು. ಒಡಹುಟ್ಟಿದ ಲಿಪಿಯೊಂದರ ರೂಢಿ ಅದು. ಆದರೂ ಒಂದು ಗ್ರಂಥದೊಳಗೆ ಒಂದೇ ರೂಪವಿರಬೇಕು. ಬರಹದಲ್ಲಿ ಈಗಾಗಲೇ ನೆಲೆಯೂರಿರುವ ‘ಆ್ಯಕ್ಟಿಂಗ್’ ಎಂಬ ರೂಪವನ್ನು ಒಪ್ಪುವುದು ಲೇಸು.

ಪ್ರಯೋಗಕ್ಕೆ ಬರೋಣ. ಸಂಸ್ಕೃತದ ಪದಗಳು ಕನ್ನಡದಲ್ಲಿ ‘ಇಸು’ ಪ್ರತ್ಯಯ ಹಿಡಿದು ಕ್ರಿಯೆಗಳಾಗುತ್ತವೆ: ನಟಿಸು, ಅಭಿನಯಿಸು. ಇಂಗ್ಲಿಷಿನ ಕ್ರಿಯಾಪದಗಳು ಬಹುಮಟ್ಟಿಗೆ ‘ಮಾಡು’ ಎಂಬುದರ ಆಸರೆ ಬೇಡುತ್ತವೆ: ‘ಆ್ಯಕ್ಟ್ ಮಾಡು’, ‘ಎಮೋಟ್ ಮಾಡು’. ತೆಲುಗಿನ ‘ಓವರ್ ಯಾಕ್ಷನ್’ ರಂಗಕ್ಕಿಂತ ಹೆಚ್ಚಾಗಿ ನಡತೆಗೆ ಸಲ್ಲುವ ಮಾತು. ಅಲ್ಲಿನ ಆರೋಪ ಅಳತೆ ಮೀರಿದ್ದರ ಮೇಲೆ. ಕನ್ನಡದ ‘ನಾಟಕ ಮಾಡು’, ‘ಸೋಗು ಹಾಕು’ ಎಂಬವುಗಳಲ್ಲಿ ಆರೋಪ ಸುಳ್ಳಿನ ಮೇಲೆ. ಅಳುವ ಮಗುವಿನ ನೋವು ನಿಜವಾಗಿದ್ದು ಅಳು ಮಾತ್ರ ಹೆಚ್ಚಾಗಿದ್ದರೆ ಮೊದಲನೆಯದು ಸಲ್ಲುತ್ತದೆ, ಎರಡನೆಯದು ಅನ್ಯಾಯವಾಗುತ್ತದೆ.

ಇದೇ ವಿವೇಕ ಕಲಾವಿಮರ್ಶೆಗೂ ಬೇಕು. ಭರತನ ನಾಟ್ಯಶಾಸ್ತ್ರ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯವನ್ನು ನಾಲ್ಕಾಗಿ ವಿಂಗಡಿಸುತ್ತದೆ. ಸತ್ತ್ವವು ಅತಿರಿಕ್ತವಾಗಿರುವ ಅಭಿನಯ ಜ್ಯೇಷ್ಠ, ಸಮವಾಗಿರುವುದು ಮಧ್ಯಮ, ಹೀನವಾಗಿರುವುದು ಅಧಮ ಎಂಬುದು ಅದರ ನಿಲುವು. ಇಲ್ಲಿ ‘ಅತಿ’ ಎಂಬುದು ದೋಷವಲ್ಲ, ಗುಣ. ಜೊತೆಗೆ ಲೋಕಧರ್ಮಿ, ನಾಟ್ಯಧರ್ಮಿ ಎಂಬ ವಿಭಾಗವೂ ಉಂಟು. ಯಕ್ಷಗಾನದ ಬಣ್ಣದ ವೇಷದ ಅಟ್ಟಹಾಸ ನಾಟ್ಯಧರ್ಮಿಗೆ ಸೇರಿದ್ದು. ಅದನ್ನು ಓವರ್ ಆ್ಯಕ್ಟಿಂಗ್ ಎನ್ನುವುದು ಅಳತೆಗೋಲಿನ ತಪ್ಪು. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕಂಪನಿ ನಾಟಕದ ನಟನ ಕಂಠ, ಕೈ, ಕಣ್ಣು ಕೊನೆಯ ಸಾಲಿನ ಪ್ರೇಕ್ಷಕನಿಗೂ ಮುಟ್ಟಬೇಕಾಗಿತ್ತು. 1934ರ ‘ಸತಿ ಸುಲೋಚನ’ದೊಂದಿಗೆ ಕನ್ನಡದ ಮಾತಿನ ಚಿತ್ರ ಆರಂಭವಾದಾಗ ಕ್ಯಾಮೆರಾ ನಟನ ಮುಖದ ಹತ್ತಿರಕ್ಕೇ ಬಂದಿತು. ಅಲ್ಲಿಗೆ ಹಳೆಯ ಅಗತ್ಯವೇ ಹೊಸ ದೋಷವಾಗಿ ಕಾಣತೊಡಗಿತು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕರಾದ ರಾಜಕುಮಾರ್ ಅವರಂಥವರು ಈ ಎರಡು ಅಳತೆಗಳ ನಡುವೆ ದಾರಿ ಕಂಡುಕೊಳ್ಳಬೇಕಾಯಿತು.

ಹಾಗಾದರೆ ನಾವು ಯಾವ ಪದವನ್ನು ಬಳಸಬೇಕು? ಮೆಚ್ಚುಗೆಗೆ ‘ಭಾವಾಭಿನಯ’ ಸಾಕು. ಮಾಧ್ಯಮದ ಅಳತೆ ಮೀರಿದ್ದರೆ ‘ಅತಿನಟನೆ’ ಎನ್ನಬಹುದು. ಭಾವವಿಲ್ಲದೆ ತೋರಿಕೆ ಮಾತ್ರವಿದ್ದರೆ ‘ಸೋಗು’ ಎಂಬ ದೇಶೀಯ ಪದವೇ ಹರಿತವಾದುದು. ‘ಎಮೋಟ್’ ಎಂಬುದನ್ನು ಬಳಸುವುದೇ ಆದರೆ ಯಾವ ಅರ್ಥದಲ್ಲಿ ಎಂಬುದು ವಾಕ್ಯದಿಂದ ತಿಳಿಯುವಂತಿರಬೇಕು. ನಟನೊಬ್ಬನ ಜೀವಮಾನದ ಸಾಧನೆಯನ್ನು ಒಂದು ಪದದಿಂದ ತೂಗುವ ಮುನ್ನ ಆ ಪದವನ್ನು ತೂಗುವುದು ವಿಮರ್ಶಕನ ಮೊದಲ ಕರ್ತವ್ಯ.